ಎರಡು ನೀಲಿ

"ಎಡಗಡಿದು ಬ್ಯಾಡ್ರಿ, ಹಾವಗೆಪ್ಪ. ಕಣ್ಣಿಗಿ ಕುಕ್ತದ," ಎಂದು ಕುಲಸುಮಬೀ ಪರದೆಯ ಹಿಂದಿನಿಂದ ಸುಳ್ಳು ಹೇಳಿದಳು.

ಬೈಠಕ್ ಕೋಣೆಯ ಗೋಡೆಯ ಮೇಲೆ ಎರಡು ನೀಲಿ ಪಟ್ಟಿಗಳಿದ್ದವು. ಎಡಗಡೆಯದು ಅಗಸೆ ಹೂವಿನ ನೀಲಿ, ಬಲಗಡೆಯದು ಅದಕ್ಕಿಂತ ಒಂದು ಚಿಟಿಕೆ ತಿಳಿ ಎಂದು ಸುಣ್ಣ ಹಚ್ಚಲು ಬಂದ ಹಾವಗೆಪ್ಪನೇ ವಿವರಿಸಿದ್ದ. ಅವನು ಹೊರಗೆ ಹೋದಾಗ ಅವಳು ಬಂದು ನೋಡುತ್ತಿದ್ದಳು. ಎರಡೂ ಒಂದೇ ಥರ ಕಾಣುತ್ತಿದ್ದವು. ಕಣ್ಣಿಗೆ ಪೊರೆ ಬಂದಿರಬೇಕು ಎಂದುಕೊಂಡಳು. ಆದರೂ ದಿನಕ್ಕೊಂದು ತಪ್ಪು ಹುಡುಕಿ ಎರಡೂ ಪಟ್ಟಿಗಳನ್ನು ಮತ್ತೆ ಹಚ್ಚಿಸಿದಳು. ಬಣ್ಣ ಒಪ್ಪಿದರೆ ಕೆಲಸ ಮುಗಿಯುತ್ತದೆ, ಅವನು ಹೊರಟುಹೋಗುತ್ತಾನೆ.

ಇನ್‌ಫ್ಲುಯೆಂಜಾ ಬಂದ ವರ್ಷ ಗಂಡ ತೀರಿಕೊಂಡಿದ್ದ. ಅಂದಿನಿಂದ ಬೀದರಿನ ಆ ಮನೆಯಲ್ಲಿ ಮಾತು ಸತ್ತಿತ್ತು. ಮನೆಮನೆಗೆ ನೀರು ಹೊರುವ ಹಾಜಿರಾಬೀ ಬೆಳಿಗ್ಗೆ ಬಂದು ಕೊಡ ಸುರಿದು ಮುಂದಿನ ಮನೆಗೆ ಓಡುತ್ತಿದ್ದಳು. ಹಾವಗೆಪ್ಪ ಮಾತ್ರ ಕೆಲಸದ ನಡುವೆ ಔರಾದಿನ ಸಂತೆಯ ಜಗಳಗಳನ್ನು ಬಣ್ಣ ಕಟ್ಟಿ ಹೇಳುತ್ತಿದ್ದ. ಸುಣ್ಣದ ಬಣ್ಣ ಹಸಿಯಿದ್ದಾಗ ದಟ್ಟ, ಒಣಗಿದಾಗ ತಿಳಿ. ಮರುದಿನದವರೆಗೆ ಕಾಯಲೇಬೇಕು. ಅದು ಅವಳಿಗೆ ಅನುಕೂಲವೇ ಆಗಿತ್ತು.

ಒಂದೇ ಅಳುಕು. ಕೂಲಿ ದಿನದ ಲೆಕ್ಕದ್ದಲ್ಲ, ಇಡೀ ಕೋಣೆಯ ಗುತ್ತಿಗೆ. ತಡವಾದಷ್ಟೂ ನಷ್ಟ ಅವನಿಗೇ.

"ನಿಮ್ಮ ಮನ್ಯಾಗ ದಾರಿ ಕಾಯ್ತಿರಬೇಕಲ್ರಿ?"

"ಭಾಲ್ಕಿ ಮನಿಗಿ ಬೀಗ ಹಾಕಿ ಬಂದೀನ್ರಿ, ಬೀಬಿ. ಬೀಗ ಯಾರ ದಾರಿನೂ ಕಾಯಂಗಿಲ್ಲ."

ಅವಳಿಗೆ ನಗು ಬಂತು. ನಕ್ಕದ್ದು ಅವನಿಗೆ ಕೇಳಿಸಬಾರದು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಂಜಾನ್ ಹತ್ತಿರ ಬಂತು. ಬಡಪಾಯಿಯನ್ನು ಇನ್ನೂ ಸತಾಯಿಸುವುದು ಸರಿಯಲ್ಲ ಎನಿಸಿ, ಒಂದು ಬೆಳಿಗ್ಗೆ ಅವಳು ಮನಸ್ಸು ಗಟ್ಟಿ ಮಾಡಿದಳು.

"ಬಲಗಡಿದೇ ಇರ್ಲಿ. ಇವತ್ತೇ ಹಚ್ಚಿ ಮುಗಸ್ರಿ."

ಪರದೆಯಾಚೆ ಕುಂಚದ ಸದ್ದು ನಿಂತಿತು.

"ಅವಸರ ಯಾಕ್ರಿ, ಬೀಬಿ? ನಾಳಿ ಇನ್ನೊಮ್ಮಿ ನೋಡ್ರಲ್ಲ," ಎಂದವನೇ ನೀರು ಸೇದಲು ಓಣಿಯ ಬಾವಿಯ ಕಡೆ ಹೊರಟ.

ಕುಲಸುಮಬೀ ಆಗಷ್ಟೇ ನೀರು ಹೊತ್ತು ಬಂದ ಹಾಜಿರಾಬೀಯನ್ನು ಕೋಣೆಯೊಳಗೆ ಎಳೆದುಕೊಂಡು ಬಂದಳು.

"ನೀನರ ಖರೇ ಹೇಳು, ಯಾವುದು ಚಂದ? ನನ್ನ ಕಣ್ಣಿಗಿ ಫರಕೇ ತಿಳಿವಲ್ದು."

ಹಾಜಿರಾಬೀ ಕೊಡ ಇಳಿಸಿ ಕಿಸಕ್ಕನೆ ನಕ್ಕಳು.

"ನಿಮ್ಮ ಕಣ್ಣು ಛಲೋ ಅವ, ಬೀಬಿ. ನಾ ದಿನಾ ನೋಡ್ತೀನಿ, ಅಂವಾ ಎರಡೂ ಕಡಿ ಒಂದೇ ಗಡಿಗಿ ಬಣ್ಣ ಹಚ್ತಾನ."