ಜೆತ್ರೊ ಪಿಲ್‌ನ ಉಸಿರಿನ ಮೇಲೆ ಬಾಜಿ

"ಏನಮ್ಮಾ, ಮುದುಕ ಹೋದ್ನಾ, ಇನ್ನೂ ಇದಾನಾ?"

ಕಿಟಕಿಯ ಕೆಳಗಿನಿಂದ ಬಂದ ಕೂಗಿಗೆ, ಹಾಸಿಗೆ ಹಿಡಿದಿದ್ದ ಜೆತ್ರೊ ಪಿಲ್‌ನ ಮೈಯೆಲ್ಲ ಉರಿಯಿತು. ಥೂ, ಇವರ ಜನ್ಮಕ್ಕಿಷ್ಟು! ಒಂದು ಕಾಲಕ್ಕೆ ಲಂಡನ್ನಿನ ಮುಷ್ಟಿಕಾಳಗದ ಹುಲಿ ಅವನು. ಆಗ ಅವನ ಗುದ್ದಿನ ಮೇಲೆ ಬಾಜಿ ಕಟ್ಟುತ್ತಿದ್ದ ಕಾಫಿ ಅಂಗಡಿಯ ದೊಡ್ಡ ಮನುಷ್ಯರು ಈಗ ಅವನ ಸಾವಿನ ಮೇಲೆ ಕಟ್ಟಿದ್ದರು. ಅದಕ್ಕೆ ಜೀವವಿಮೆ ಎಂಬ ಮರ್ಯಾದೆಯ ಹೆಸರು ಬೇರೆ! ಸಂತ ಮೈಕೇಲನ ಹಬ್ಬದ ಮಧ್ಯಾಹ್ನದೊಳಗೆ ಅವನು ಸತ್ತರೆ ವಿಮೆ ಕೊಂಡವರಿಗೆ ದುಡ್ಡೋ ದುಡ್ಡು. ಬದುಕಿ ಉಳಿದರೆ, ಅವರು ಕಟ್ಟಿದ್ದೆಲ್ಲ ವಿಮೆ ಬರೆದುಕೊಟ್ಟವರ ಪಾಲು. ಆ ಹಬ್ಬ ಇವತ್ತೇ.

ಮನೆಯೊಡತಿ ಡಾರ್ಕಸ್ ಕಿಟಕಿಯಿಂದ ತಲೆ ಹೊರಹಾಕಿದಳು. "ನಿಮ್ಮ ಬಾಯಿಗೆ ಮಣ್ಣು ಹಾಕ! ಹೆಣ ಕಾಯೋ ಹದ್ದುಗಳಾ, ತೊಲಗ್ರೋ!" ಮೂತ್ರದ ಪಾತ್ರೆಯನ್ನೇ ಅವರ ಮೇಲೆ ಬೋರಲು ಹಾಕಿದಳು.

ಜೆತ್ರೊ ನಗಲು ಹೋಗಿ ಕೆಮ್ಮಿದ. ಈ ಹೊಲಸು ಊರಿನಲ್ಲಿ ಕರುಳಿದ್ದವಳೆಂದರೆ ಇವಳೊಬ್ಬಳೇ. ಬೇಸಿಗೆಯಿಂದ ಬಾಡಿಗೆಯ ಮಾತೆತ್ತಿರಲಿಲ್ಲ. ದಿನಾ ಕೋಳಿ ಸಾರು, ಒಲೆ ತುಂಬ ಕಲ್ಲಿದ್ದಲು. ಕಾಯಿಲೆ ಇಳಿಯಲೆಂದು ನರ ಕೊಯ್ದು ರಕ್ತ ಹರಿಸಲು ಬಂದ ವೈದ್ಯನನ್ನಂತೂ ಕತ್ತು ಹಿಡಿದು ಆಚೆ ದಬ್ಬಿದ್ದಳು.

"ಆಗ್ತಿಲ್ಲ ಡಾರ್ಕಸಮ್ಮ. ನನ್ನ ಪಾಡಿಗೆ ಬಿಟ್ಬಿಡು."

"ಬಿಟ್ಬಿಡೋದಾ? ಆ ಪಾಪಿಗಳು ಕುಣೀಲಿ ಅಂತಾನಾ? ಕಣ್ಣು ಮುಚ್ಚಿದ್ರೆ ನೋಡು ಮತ್ತೆ! ಬಾಯಿ ತೆಗಿ ತಾತಾ, ಇನ್ನೊಂದೇ ಚಮಚ."

ನುಂಗಿದ. ಎದೆಯೊಳಗೆ ಗರಗಸ ಎಳೆದಂತಾಯಿತು. ಹಲ್ಲು ಕಚ್ಚಿ ತಡೆದುಕೊಂಡ. ಸಾಯುವುದಾದರೆ ನಾಳೆ ಸಾಯುತ್ತೇನೆ, ಆ ಹೇಸಿಗೆ ಜನಕ್ಕೆ ನನ್ನ ಹೆಣದಿಂದ ಬಿಡಿಗಾಸೂ ದಕ್ಕಬಾರದು.

ಕೊನೆಗೂ ಚರ್ಚಿನ ಗಂಟೆ ಹನ್ನೆರಡು ಬಾರಿಸಿತು. ಕೆಳಗೆ ಯಾರೋ ಕೆಟ್ಟದಾಗಿ ಬೈದುಕೊಂಡು ಹೊರಟರು. ಜೆತ್ರೊನ ಕಣ್ಣಲ್ಲಿ ನೀರಾಡಿತು.

"ಗೆದ್ವಿ ಕಣಮ್ಮಾ! ನಿನ್ನ ಕೈ ಸಾರು ಕುಡೀತಿದ್ರೆ ಈ ಚಳಿಗಾಲಾನೂ ದಾಟ್ಬಿಡ್ತೀನಿ. ಬದುಕ್ಬೇಕು ಅನ್ನಿಸ್ತಿದೆ."

"ಹ್ಞೂಂ, ಗೆದ್ವಿ," ಎಂದಳು ಡಾರ್ಕಸ್. ಅವನ ತುಟಿಯವರೆಗೆ ಬಂದಿದ್ದ ಚಮಚ ಬಟ್ಟಲಿಗೆ ವಾಪಸು ಹೋಯಿತು. ಉರಿಯುತ್ತಿದ್ದ ಕಲ್ಲಿದ್ದಲನ್ನು ಒಂದೊಂದಾಗಿ ಇಕ್ಕಳದಲ್ಲಿ ಎತ್ತಿ ತಗಡಿನ ಡಬ್ಬಕ್ಕೆ ಹಾಕಿಕೊಂಡಳು. ಆಮೇಲೆ ಅವನು ಹೊದ್ದಿದ್ದ ಕಂಬಳಿಯನ್ನು ಎಳೆದು ಮಡಚಿದಳು.

"ಅಮ್ಮಾ, ಚಳಿ..."

"ಇದೆಲ್ಲ ಎದುರು ಬೀದಿ ಪಾದ್ರಿಗೆ ಬೇಕು. ಅವನ ವಿಮೇನೂ ನಾನೇ ಬರೆದುಕೊಟ್ಟಿರೋದು. ಕ್ರಿಸ್‌ಮಸ್‌ವರೆಗೆ ಅವನು ಸಾಯೋ ಹಾಗಿಲ್ಲ."