ಯಾವ ಮಗ್ಗುಲಿಗೆ ಬಣ್ಣ?

ಅಳಿಯ ಡಬ್ಬಿ ಅಲ್ಲಾಡಿಸಿ ನೋಡಿದ. ಉಳಿದ ನೀಲಿ ಬಣ್ಣ ಹಳೇ ಕಾರಿನ ಒಂದು ಮಗ್ಗುಲಿಗಷ್ಟೇ ಸಾಲುತ್ತಿತ್ತು. ಇನ್ನೊಂದಕ್ಕೆ ಮುಂದಿನ ಸಂಬಳವೇ ಗತಿ.

"ಬೀದಿ ಕಡೆಗೇ ಹೊಡೀರಿ," ಎಂದಳು ಹೆಂಡತಿ. "ಗುಜರಿ ಗುಜರಿ ಅಂತ ಆಡ್ಕೊಂಡೋರ ಬಾಯಿ ಮುಚ್ಚಲಿ."

ಅವನಿಗೂ ಅದೇ ಆಸೆ. ತುಕ್ಕು ಉಜ್ಜಿ ಉಜ್ಜಿ ಅಂಗೈ ಸವೆದಿತ್ತು. ಬ್ರಷ್ ಅದ್ದಿದವನು ಯಾಕೋ ತಲೆಯೆತ್ತಿದ. ಹಾಸಿಗೆ ಹಿಡಿದಿದ್ದ ಅತ್ತೆ, ತೀರಿಕೊಂಡ ಗಂಡನ ಆ ಕಾರನ್ನೇ ಕಿಟಕಿಯಿಂದ ನೋಡುತ್ತ ಮಲಗಿದ್ದರು. ಅವರಿಗೆ ಕಾಣುತ್ತಿದ್ದದ್ದು ಮನೆ ಕಡೆಯ ಮಗ್ಗುಲು, ತುಕ್ಕು ಉಜ್ಜಿದ ಕಲೆಗಳದು.

ಅವನು ಡಬ್ಬಿ ಎತ್ತಿಕೊಂಡು ಈಚೆ ಮಗ್ಗುಲಿಗೆ ಬಂದ. "ಅಲ್ಲಿ ಬಿಸಿಲು ಜಾಸ್ತಿ ಕಣೇ, ಬಣ್ಣ ಬಿರಿಯುತ್ತೆ."

ಹೆಂಡತಿ ಕಿಟಕಿಯತ್ತ ನೋಡಿದಳು. "ಹೂಂ, ಬಿರಿಯುತ್ತೆ," ಎಂದಳು.

ಕಾರಿನ ಮುಂದಿನ ಬಾಗಿಲು ನೀಲಿಯಾಗುತ್ತಿದ್ದಂತೆ ಒಳಗಿನಿಂದ ದನಿ ಬಂತು: "ಅಳಿಯಂದ್ರೇ, ಹುಷಾರು! ಹಿಡಿಕೆಗೆ ಬಣ್ಣ ತಾಗಿದ್ರೆ ನಿಮ್ಮ ಮಾವ ಸುಮ್ನಿರಲ್ಲ."