ಎಮ್ಮೆಗೆ ಹೇಳಿದ ಮಾತು

ಲಡಾಯಿ ಶುರುವಾದಾಗಿನಿಂದ ಹಿಂಡಿ ತುಟ್ಟಿಯಾಗಿತ್ತು. ಹತ್ತಿಕಾಳಂತೂ ಕೇಳುವುದೇ ಬೇಡ. ತಿಂಗಳಿಗೆ ಮೂರು ರೂಪಾಯಿಯ ಮೇವು ತಿಂದು ಎಮ್ಮೆ ಸೆಗಣಿ ಬಿಟ್ಟರೆ ಬೇರೇನೂ ಕೊಡುತ್ತಿರಲಿಲ್ಲ. ರೇವಣಪ್ಪ ಅದನ್ನು ಅಫಜಲಪುರದ ಸಂತೆಗೆ ಹೊಡೆದುಕೊಂಡು ಹೋಗಿ, ಹಲ್ಲು ಹಿಡಿದು ನೋಡಿದವರ ಬಾಯಿ ಮುಚ್ಚಿಸಿ, ಸಂಸ್ಥಾನದ ನಾಣ್ಯದಲ್ಲಿ ಮೂವತ್ತೆಂಟು ಹಾಲಿ ರೂಪಾಯಿಗೆ ಕೊಟ್ಟು ಬಂದ. ಮುದಿ ಎಮ್ಮೆಗೆ ಅದು ಒಳ್ಳೆಯ ಬೆಲೆಯೇ. ಆದರೆ ಆ ಎಮ್ಮೆ ಮನೆಯಲ್ಲಿ ಇನ್ನೊಂದು ಕೆಲಸ ಮಾಡುತ್ತಿತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನ ಸೊಸೆ ಸಕ್ಕುಬಾಯಿ ಮಾವನ ಕೂಡ ಮಾತಾಡುವವಳಲ್ಲ. ಆ ಮನೆತನದ ಪದ್ಧತಿಯೇ ಹಾಗೆ. ಅತ್ತೆ ಇರುವ ತನಕ ಮಾತು ಅತ್ತೆಯ ಮುಖಾಂತರ ಹೋಗಿ ಬರುತ್ತಿತ್ತು. ಅತ್ತೆ ತೀರಿಕೊಂಡಳು, ಗಂಡ ಖಂಡಪ್ಪ ಸೊಲ್ಲಾಪುರದ ಮಿಲ್ಲಿಗೆ ದುಡಿಯಲು ಹೋದ, ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಿದ್ದ. ಉಳಿದವರು ಮಾವ, ಸೊಸೆ ಮತ್ತು ಎಮ್ಮೆ. ಮಾತು ಎಮ್ಮೆಯ ಪಾಲಿಗೆ ಬಂತು.

"ಮನ್ಯಾಗ ಜ್ವಾಳ ತಳ ಕಂಡದ ಬೇ. ಹಗೇವಿನ ಕಾಳು ತಗೀಬೇಕು" ಎಂದು ಅವಳು ಎಮ್ಮೆಯ ಬೆನ್ನು ತಿಕ್ಕುತ್ತ ಹೇಳುವಳು. ಕಟ್ಟೆಯ ಮೇಲಿಂದ ಅವನು, "ನಾಳಿಗಿ ತಗಿಯೂಣಂತ ಹೇಳು. ಮತ್ತ ನಿನ್ನಿ ಪಲ್ಯಾಕ ಉಪ್ಪು ಭಾಳ ಆಗಿತ್ತು, ನೀ ಹಾಕಿದ್ದೇನು?" ಎಂದು ಎಮ್ಮೆಯನ್ನೇ ಗದರುವನು. ಎಮ್ಮೆ ಕಿವಿ ಬಡಿಯುವುದು. ಸೊಸೆ ಸೆರಗು ಕಚ್ಚಿ ನಗುವಳು.

ಮಾರುವ ಹಿಂದಿನ ಸಂಜೆ ಅವಳು ಎಮ್ಮೆಯ ಕೊರಳು ತಬ್ಬಿ, "ನೀ ಹೋದ್ರ ನಾ ಯಾರಿಗಿ ಹೇಳ್ಲಿ ಬೇ? ನನಗರ ಎಂಟು ತಿಂಗಳು ನಡದದ" ಎಂದಿದ್ದಳು. ಅದು ರೇವಣಪ್ಪನ ಕಿವಿಗೂ ಬಿದ್ದಿತ್ತು. ಸಾಕಿದ ದನದ ಮೇಲೆ ಹೆಂಗಸರಿಗೆ ಮಾಯೆ ಇದ್ದದ್ದೇ ಎಂದುಕೊಂಡ.

ಎಮ್ಮೆ ಹೋದ ಮೇಲೆ ಅವನು ಬರಿ ಗೂಟದ ಕಡೆ ತಿರುಗಿ ಒಂದೆರಡು ಸಲ ಮಾತಾಡಿ ನೋಡಿದ. ನಾಚಿಕೆಯಾಗಿ ಬಿಟ್ಟುಬಿಟ್ಟ. ಒಳಗೆ ಬರುವ ಮುನ್ನ ಅವನು ಕೆಮ್ಮುವುದು, ಅಡುಗೆಯಾದಾಗ ಅವಳು ತಂಬಿಗೆಯಿಂದ ಹೊಸ್ತಿಲು ಕುಟ್ಟುವುದು, ಇಷ್ಟೇ ಉಳಿಯಿತು.

ಒಂದು ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಕೂತು, ಮುಂದೆ ಕೊಳ್ಳಲಿದ್ದ ಎಮ್ಮೆಗೆಂದು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ನೆರೆಮನೆಯ ಚಂದ್ರಾಮಪ್ಪ ಇನ್ನೊಂದು ತುದಿ ಹಿಡಿದಿದ್ದ. ಒಳಗೆ ತಂಬಿಗೆಯ ಸದ್ದಾಯಿತು.

"ಉಣ್ಣಾಕ ಕರ್ಯಾಕತ್ತಾಳ ನೋಡು" ಎಂದ ಚಂದ್ರಾಮಪ್ಪ.

"ಕರೀಲಿ. ಇದೊಂದು ಎಳಿ ಮುಗೀಲಿ."

ತಂಬಿಗೆ ಮತ್ತೆ ಕುಟ್ಟಿತು. ಬಿಡದೆ ಕುಟ್ಟತೊಡಗಿತು.

"ಭಾರಿ ಜೋರದಾಳಲ್ಲೋ ನಿನ್ನ ಸೊಸಿ! ಏಳಪ್ಪಾ, ಇಲ್ಲಾಂದ್ರ ಇವತ್ತು ನಿನಗ ರೊಟ್ಟಿ ಇಲ್ಲ."

ರೇವಣಪ್ಪನಿಗೆ ನೆರೆಯವನೆದುರು ತಲೆ ತಗ್ಗಿಸುವಂತಾಯಿತು. ಬಾಗಿಲ ಕಡೆ ನೋಡದೆ ಬರಿ ಗೂಟಕ್ಕೆ ದನಿ ಏರಿಸಿ ಹೇಳಿದ: "ಹಸಿವಿಲ್ಲಂದ್ರ ಇಲ್ಲ. ಮುಚ್ಚಿ ಇಡು!"

ತಂಬಿಗೆ ಸುಮ್ಮನಾಯಿತು.

ಹಗ್ಗ ಮುಗಿದು ಚಂದ್ರಾಮಪ್ಪ ಎದ್ದು ಹೋದ. ರೇವಣಪ್ಪ ಬಾಗಿಲಿಗೆ ಬಂದು ಕೆಮ್ಮಿದ. ಸೆರಗು ಎಳೆದುಕೊಳ್ಳುವ ಬಳೆಯ ಸದ್ದು ಬರಲಿಲ್ಲ. ಇನ್ನೊಮ್ಮೆ ಕೆಮ್ಮಿ ಬಗ್ಗಿ ನೋಡಿದ. ತಂಬಿಗೆ ಹೊಸ್ತಿಲಿಗೆ ಅಡ್ಡ ಬಿದ್ದಿತ್ತು. ಅದರಾಚೆ ನೆಲವೆಲ್ಲ ಒದ್ದೆ, ಒದ್ದೆಯಾದದ್ದು ನೀರಿನಿಂದಲ್ಲ. ಆಗಲೂ ಅವನು ಒಳಗೆ ಕಾಲಿಡಲಿಲ್ಲ. ಸೂಲಗಿತ್ತಿ ಸುಲ್ತಾನಬಿಯ ಮನೆಗೆ ಓಡಿದ.

ಸುಲ್ತಾನಬಿ ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೋಡೆಗೆ ಆತು ನಿಂತಳು.

"ಹೆಣ್ಣಿತ್ತು, ರೇವಣಣ್ಣ. ಉಳೀಲಿಲ್ಲ. ತಾಯಿ ಬದುಕ್ಯಾಳ. ಜರಾ ಮೊದಲ ಕರದಿದ್ರ ಕೂಸನ್ನೂ ನಿನ್ನ ಕೈಯಾಗ ಕೊಡ್ತಿದ್ದೆ."

ಅವನು ಹೊಸ ಹಗ್ಗವನ್ನು ಎತ್ತಿ ಬರಿ ಗೂಟಕ್ಕೆ ಸುತ್ತಿದ.

"ಒದರಬಾರದೇನ ಮಗಳ, ಅಂತ ಬೈದೆ ಆಕಿಗಿ. ಏನಂದ್ಳು ಗೊತ್ತೇನು? 'ಮಾವನವರು ಹೊರಗ ಕುಂತಿದ್ರು, ಹೆಂಗ ಒದರಲಿ?' ಅಂದ್ಳು."

ಸುಲ್ತಾನಬಿ ಹೋದ ಮೇಲೆ ರೇವಣಪ್ಪ ಹೊಸ್ತಿಲ ಬಳಿ ನಿಂತ. ಕೆಮ್ಮಲಿಲ್ಲ.

"ಸಕ್ಕೂ... ಯವ್ವಾ, ಏನರ ಬೇಕೇನ?"

ಅವಳು ಆ ಮನೆ ತುಂಬಿದ ಮೇಲೆ ಅವನು ಅವಳಿಗೇ ಆಡಿದ ಮೊದಲ ಮಾತು ಅದು. ಬಹಳ ಹೊತ್ತಿನ ಮೇಲೆ, ಸುಲ್ತಾನಬಿ ನೀರು ತುಂಬಿಟ್ಟಿದ್ದ ತಂಬಿಗೆ ಮೆಲ್ಲಗೆ ಒಮ್ಮೆ ನೆಲಕ್ಕೆ ತಾಗಿತು. ಬೇಕೆಂದೋ ಬೇಡವೆಂದೋ ಅವನಿಗೆ ತಿಳಿಯಲಿಲ್ಲ. ಕೇಳಿ ತಿಳಿಯಲು ಗೂಟದ ಕಡೆ ತಿರುಗಿದ. ಅಲ್ಲಿ ಹೊಸ ಹಗ್ಗ ಇತ್ತು, ಅಷ್ಟೇ.

ಎಮ್ಮೆಗೆ ಮೂವತ್ತೆಂಟು ರೂಪಾಯಿ ಬಂದಿತ್ತು. ಮೊಮ್ಮಗಳು ಹೋದಳು.